ಮೈಗೆ ಒಗ್ಗದ ಮನೆ

ನನ್ನ ಬಲಗೆನ್ನೆಯ ಮೇಲೆ ನಾನು ಇಟ್ಟಿರುವಷ್ಟು ಕಣ್ಣನ್ನು ಬೇರಾವ ಮನುಷ್ಯನೂ ತನ್ನ ಬಲಗೆನ್ನೆಯ ಮೇಲೆ ಇಟ್ಟಿರಲಾರ. ಬೆಳಗ್ಗೆ ಎದ್ದ ಕೂಡಲೇ ಕನ್ನಡಿಯಲ್ಲಿ ಮೊದಲು ಅದನ್ನು ನೋಡುತ್ತೇನೆ. ಉಳಿದ ಮುಖ ಆಮೇಲೆ, ಪುರುಸೊತ್ತಿದ್ದರೆ. ಸೊಳ್ಳೆ ಕಚ್ಚಿಯೋ ಬ್ಲೇಡು ತಾಗಿಯೋ ಅಲ್ಲೊಂದು ಕೆಂಪು ಕಂಡರೆ ಆ ದಿನದ ಕೆಲಸ ಕೆಟ್ಟ ಹಾಗೆಯೇ. ಕೆಲಸವೆಂದರೆ ವಿಮೆ ಮಾಡಿಸುವುದು. ಸಕಲೇಶಪುರದ ಸುತ್ತಲಿನ ಜನರಿಗೆ ನಾಳೆಯ ಭಯವನ್ನು ಮಾರಿ ಬದುಕುವವನು ನಾನು, ಸರಕನ್ನು ಮನೆಯಲ್ಲೇ ತಯಾರಿಸಿಕೊಳ್ಳುತ್ತೇನೆ. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದ ಕಡೆ 'ಹುಡುಗನಿಗೆ ಕಾಯಿಲೆ ಕಸಾಲೆ ಏನೂ ಇಲ್ವಲ್ಲ' ಎಂದು ಅವರು ವಾಡಿಕೆಗೆ ಕೇಳಿದ್ದಕ್ಕೆ ನಾನು ವಿವರವಾಗಿ ಉತ್ತರ ಕೊಡುತ್ತಿದ್ದೆ. ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ಸಂಬಂಧ ಮುಗಿದಿರುತ್ತಿತ್ತು. ಇಷ್ಟೊಂದು ಅಂಜಿಕೆಯನ್ನು ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ, ಹೆತ್ತೂರಿನ ಆಚೆ ಒಂದು ಕಾಫಿ ಎಸ್ಟೇಟಿನ ರೈಟರ್ ಮನೆಯ ಜಗಲಿಗೆ ಅವರನ್ನು ಕರೆದುಕೊಂಡು ಹೋಗಬೇಕಾಗುತ್ತದೆ.

ಎಸ್ಟೇಟಿನಲ್ಲಿ ರೈಟರ್ ಅಂದರೆ ಪುಸ್ತಕ ಬರೆಯುವವನಲ್ಲ. ಬೆಳಗ್ಗೆ ಆಳುಗಳ ಹಾಜರಿ ಹಿಡಿದು, ಯಾರು ಯಾವ ಕಡೆ ಹೋಗಬೇಕೆಂದು ಹೇಳಿ, ಸಂಜೆಯವರೆಗೂ ಅವರ ಹಿಂದೆ ತೋಟ ಸುತ್ತುವವನು. ನನ್ನಪ್ಪ ಆ ಕೆಲಸದಲ್ಲಿದ್ದ. ಗುಡ್ಡದ ನೆತ್ತಿಯಲ್ಲಿ ಧಣಿಗಳ ಬಂಗಲೆ, ಕೆಳಗೆ ತೊರೆಯ ಪಕ್ಕ ಲೈನು ಎನ್ನುವ ಆಳುಗಳ ಸಾಲುಮನೆ, ಇವೆರಡರ ನಡುವೆ ಎರಡಕ್ಕೂ ಸೇರದಂತೆ ನಮ್ಮ ಮನೆ. ಬಂಗಲೆಯ ಮಕ್ಕಳು ರಜೆಗೆ ಬಂದಾಗ ನನ್ನ ಕಡೆ ನೋಡುತ್ತಿರಲಿಲ್ಲ. ಲೈನಿನ ಮಕ್ಕಳು ನೋಡುತ್ತಿದ್ದರು, ಆದರೆ ರೈಟರ ಮಗ ಮನೆಗೆ ಹೋಗಿ ಏನು ಹೇಳಿಬಿಡುತ್ತಾನೋ ಎಂದು ಆಟದ ನಡುವೆಯೇ ಮಾತು ನಿಲ್ಲಿಸುತ್ತಿದ್ದರು. ಮನೆಯೆಂದರೆ ಒಂದು ಅಡುಗೆಕೋಣೆ, ಒಂದು ನಡುಮನೆ, ಒಂದು ಜಗಲಿ. ಪಕ್ಕದಲ್ಲೇ ಕಾಫಿ ತುಂಬಿಡುವ ಸ್ಟೋರು. ನಡುಮನೆಯ ಗೋಡೆಗೆ ಕಿವಿ ಇಟ್ಟರೆ ಸ್ಟೋರಿನ ಇಲಿಗಳು ಓಡಾಡುವುದು ಕೇಳುತ್ತಿತ್ತು. ಒಡಹುಟ್ಟಿದವರಿಲ್ಲದ ನನಗೆ ಅವೇ ನೆರೆಹೊರೆ. ಗಾಳಿ ಪಶ್ಚಿಮದಿಂದ ಬೀಸಿದ ದಿನ ಎಡಕುಮೇರಿ ಕಡೆಯಿಂದ ಘಾಟಿ ಹತ್ತುವ ಗೂಡ್ಸ್ ರೈಲಿನ ಏದುಸಿರು ಕೇಳುವುದು. ಆಗ ಅವ್ವ ಒಲೆಯ ಮುಂದಿನಿಂದಲೇ 'ರೈಲು ಹತ್ತತಾ ಐತೆ' ಅನ್ನುವಳು. ನಾನು 'ಹೂಂ' ಅನ್ನುವೆ. ಹಗಲಿನ ಸಂಭಾಷಣೆ ಅಲ್ಲಿಗೆ ಮುಗಿಯುತ್ತಿತ್ತು.

ಇಡೀ ದಿನ ನಾನು ಕಾಯುತ್ತಿದ್ದದ್ದು ಸಂಜೆಗೆ. ಅಪ್ಪ ತೋಟದಿಂದ ಬಂದು ಕೈಕಾಲು ತೊಳೆದು, ಹೆಗಲ ಮೇಲಿನ ಕರಿ ಕಂಬಳಿಯನ್ನು ಬಿಚ್ಚಿ ಮೈತುಂಬ ಹೊದ್ದು, ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದ. ಬಲಗೈಯಲ್ಲಿ ರೇಡಿಯೊ. ಆ ಗುಡ್ಡದಲ್ಲಿ ಸ್ಟೇಷನ್ನು ಹಿಡಿಯಬೇಕಾದರೆ ರೇಡಿಯೊವನ್ನು ಮಗುವಿನಂತೆ ಅತ್ತ ಇತ್ತ ತಿರುಗಿಸುತ್ತಲೇ ಇರಬೇಕು. ಎಡಗೈ ಖಾಲಿ. ಆ ಕೈಯಿಂದ ಕಂಬಳಿಯ ಅಂಚನ್ನು ಎತ್ತಿ ಹಿಡಿದು, ನನ್ನ ಕಡೆ ನೋಡದೆಯೇ ಹೇಳುತ್ತಿದ್ದ.

"ಬಾರ್ಲಾ, ಚಳಿ."

ಏಪ್ರಿಲ್ಲಿನಲ್ಲೂ ಅವನಿಗೆ ಚಳಿಯೇ. ನಾನು ಆ ಡೇರೆಯೊಳಗೆ ನುಗ್ಗಿ ಅವನ ಎಡಪಕ್ಕೆಗೆ ಅಂಟಿಕೊಂಡು, ಬಲಗೆನ್ನೆಯನ್ನು ಅವನ ಭುಜಕ್ಕೆ ಆನಿಸಿ ಕೂರುತ್ತಿದ್ದೆ. ಕಂಬಳಿಯಲ್ಲಿ ಹೊಗೆ, ಬೆವರು, ಎಲೆಅಡಿಕೆ, ಕಾಫಿ ಹಣ್ಣಿನ ಸಿಪ್ಪೆಯ ಹುಳಿವಾಸನೆ. ಅಪ್ಪ ಮಾತಿನ ಮನುಷ್ಯನಲ್ಲ. ವಾರ್ತೆ ಮುಗಿದು ಕೃಷಿರಂಗ ಮುಗಿಯುವವರೆಗೂ ನಾವಿಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ಆದರೂ ಲೋಕದಲ್ಲಿ ನನ್ನನ್ನು ಕರೆದು ಕೂರಿಸಿಕೊಳ್ಳುವ ಜಾಗವೊಂದು ಇದೆ ಎನ್ನುವುದು ಅಲ್ಲಿ ಖಾತ್ರಿಯಾಗುತ್ತಿತ್ತು.

ಆ ಕಂಬಳಿಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಕಂಬಳಿಯನ್ನು ಒಗೆಯುವುದಿಲ್ಲ. ಅದಕ್ಕೆ ಮೈಲಿಗೆ ಇಲ್ಲ. ಹತ್ತಿ ಬಟ್ಟೆ ಸೂತಕಕ್ಕೆ, ಮುಟ್ಟಿಗೆ, ಯಾರ ಮನೆಗೋ ಹೋಗಿ ಬಂದದ್ದಕ್ಕೆಲ್ಲ ಮೈಲಿಗೆಯಾಗುತ್ತದೆ, ಕಂಬಳಿಗೆ ಯಾವುದೂ ತಾಗದು. ಪೂಜೆಗೆ ಹಾಸುವುದೂ ಅದನ್ನೇ, ದನದ ಕೊಟ್ಟಿಗೆಯಲ್ಲಿ ಹೊದೆಯುವುದೂ ಅದನ್ನೇ. ತೀರಾ ಆದರೆ ಬಿಸಿಲಿಗೆ ಹಾಕಿ ಕೊಡವುತ್ತಾರೆ, ಅಷ್ಟೇ. ಎರಡನೆಯದು, ಆ ಕಂಬಳಿಗೆ ಎಸ್ಟೇಟಿನಲ್ಲಿ ಒಂದು ಹೆಸರಿತ್ತು. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ ನಡೆಯುತ್ತದೆ. ಮರಗಸಿ ಅನ್ನುತ್ತೇವೆ. ನಮ್ಮ ತೋಟದಲ್ಲಿ ಚಾರೆ ಮರಗಳಿದ್ದವು. ಗೇರಿನ ಬಳಗದ ಕಾಡುಮರ. ಕಡಿದರೆ ಹಾಲಿನಂಥ ಸೊನೆ ಇಳಿದು, ಗಾಳಿಗೆ ಕಪ್ಪಾಗುತ್ತದೆ. ಅದು ತಾಗಿದವರ ಮುಖ ಮೂತಿ ಊದಿ, ಮೈ ಸುಟ್ಟಂತೆ ಗುಳ್ಳೆ ಏಳುತ್ತದೆ. ಹಾಗೆ ಆದವರು ಸ್ಟೋರಿನ ಪಕ್ಕದ ತಾರೆ ಮರವನ್ನು ಸುತ್ತು ಹಾಕಿ, ತಬ್ಬಿ, ತಪ್ಪಾಯಿತೆಂದು ಬೇಡಿಕೊಳ್ಳಬೇಕು. ಚಾರೆ ಹೊಡೆದದ್ದನ್ನು ತಾರೆ ಬಿಡಿಸುತ್ತದೆ ಎಂದು ನಂಬಿಕೆ. ಆದರೆ ಚಾರೆಯ ಸೊನೆ ಕೆಲವರಿಗೆ ಏನೂ ಮಾಡುವುದಿಲ್ಲ, ನನ್ನಪ್ಪ ಅಂಥ ಭಾಗ್ಯವಂತ. ಆಳುಗಳು ಕೊಂಬೆ ಎಳೆಯಲು ಹಿಂಜರಿದರೆ ಅಪ್ಪ ಕಡಿದು ಬಿದ್ದ ಚಾರೆ ದಿಮ್ಮಿಯ ಮೇಲೆ ಕಂಬಳಿ ಹಾಸಿ ಗೌಡನಂತೆ ಕೂತುಬಿಡುತ್ತಿದ್ದನಂತೆ.

"ಅಯ್ಯೋ ಎದ್ದೇಳಿ ರೈಟ್ರೇ, ಕುಂಡಿ ಬೆಂದೋಯ್ತದೆ!"

"ನಂಗೇನ್ ಮಾಡ್ತದ್ಲಾ ಅದು? ನನ್ ಕಂಡ್ರೆ ಅದಕ್ಕೇ ಹೆದ್ರಿಕೆ. ಎಳೀರ್ಲಾ ಕೊಂಬೆಯ."

ಈ ಕತೆಯನ್ನು ಅವ್ವ ನಗುತ್ತಾ ಹೇಳುತ್ತಿದ್ದಳು. ನಾನೂ ನಗುತ್ತಿದ್ದೆ. ಚಾರೆ ಮೇಲೆ ಕೂತ ರೈಟರ ಮಗ ಎನ್ನುವ ಹೆಮ್ಮೆ.

ನನ್ನ ಕೆನ್ನೆ ಮೊದಲ ಸಲ ಕೆಂಪಾದದ್ದು ಯಾವಾಗ ಎಂದು ನೆನಪಿಲ್ಲ, ಆದರೆ ಹೇಗೆ ಎಂದು ನೆನಪಿದೆ. ಬೆಳಗ್ಗೆ ಎದ್ದಾಗ ಬಲಗೆನ್ನೆ, ಬಲಗಿವಿ, ಬಲದೋಳು ಯಾರೋ ಬಿಸಿ ತವ ಒತ್ತಿದಂತೆ ಉರಿಯುತ್ತಿದ್ದವು. ಸಣ್ಣ ಸಣ್ಣ ಗುಳ್ಳೆ. ಕೆರೆದರೆ ನೀರು. ಅವ್ವ ನಂಜು ಅಂದಳು. ಬದನೆಕಾಯಿ, ಕಳಲೆ, ಕೆಸುವಿನ ಸೊಪ್ಪು, ಹಲಸಿನ ಹಣ್ಣು, ಕಡಲೆಬೀಜ ಎಲ್ಲವೂ ನನ್ನ ತಟ್ಟೆಯಿಂದ ಒಂದೊಂದಾಗಿ ಹೋದವು. ಅವರಿಬ್ಬರೂ ಕಡುಬಿಗೆ ಕಳಲೆ ಸಾರು ಸುರಿದುಕೊಂಡು ತಿನ್ನುವಾಗ ನನಗೆ ಸಪ್ಪೆ ಅನ್ನ, ಮೇಲೆ ಜೀರಿಗೆ ಕಷಾಯ. ಎಸ್ಟೇಟಿನ ಡಿಸ್ಪೆನ್ಸರಿಗೆ ವಾರಕ್ಕೊಮ್ಮೆ ಬರುವ ಕಾಂಪೌಂಡರ್ ನನ್ನ ಕೆನ್ನೆಯನ್ನು ದೂರದಿಂದ ನೋಡಿ, ಎಲ್ಲರಿಗೂ ಕೊಡುವ ಗುಲಾಬಿ ಬಣ್ಣದ ಔಷಧಿಯನ್ನೇ ನನಗೂ ಕೊಟ್ಟು, ಗಜ್ಜಿ ಅಂದ. ಅಂಟುತ್ತದೆ, ಬೇರೆ ಮಲಗಿಸಿ ಅಂದ. ಹಾಗಾಗಿ ನನ್ನ ಹಾಸಿಗೆ ಸ್ಟೋರಿನ ಗೋಡೆಯ ಬದಿಗೆ ಹೋಯಿತು. ಲೋಟ ಬೇರೆಯಾಯಿತು. ಇಲಿಗಳು ಮಾತ್ರ ಮೊದಲಿನಂತೆಯೇ ನಡೆದುಕೊಂಡವು.

ಅಪ್ಪ ಕಾಂಪೌಂಡರನ್ನು ನಂಬಲಿಲ್ಲ. ಅವನ ಪ್ರಕಾರ ಇದು ಪಿತ್ತದ ಗಂಧೆ. ಗಂಧೆಗೆ ಮದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ, ಕರಿ ಕಂಬಳಿಯಿಂದ ಮೈ ಉಜ್ಜುವುದು. ಸಂಜೆ ಅಪ್ಪ ನನ್ನ ಅಂಗಿ ಬಿಚ್ಚಿಸಿ, ತನ್ನ ಕಂಬಳಿಯ ಅಂಚಿನಿಂದ ಬೆನ್ನು, ಎದೆ, ತೋಳುಗಳನ್ನು ಮೆಲ್ಲಗೆ, ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ಶ್ರದ್ಧೆಯಿಂದ ಉಜ್ಜಿದ.

"ಉರಿಯ್ತದಾ?"

"ಇಲ್ಲ ಕಣಪ್ಪ. ಇನ್ನೊಂಚೂರು ಉಜ್ಜು."

ನಿಜಕ್ಕೂ ಹಿತವಾಗಿತ್ತು. ಒಂದೆರಡು ದಿನದಲ್ಲಿ ಉಜ್ಜಿದ ಕಡೆಯೆಲ್ಲ ಗುಳ್ಳೆ ಎದ್ದಿತು. ಒಳಗಿದ್ದ ಪಿತ್ತ ಹೊರಗೆ ಬಂತು, ಇನ್ನು ಇಳಿಯುತ್ತದೆ ಎಂದು ಅಪ್ಪ ಧೈರ್ಯ ಹೇಳಿ ಮತ್ತೆ ಉಜ್ಜಿದ. ಶಾಲೆಗೆ ಹೋದರೆ ಲೈನಿನ ಹುಡುಗರು ಹೊಸ ಹೆಸರು ಹುಡುಕಿಟ್ಟಿದ್ದರು. ಕಾಫಿ ಕೊಯ್ಯುವಾಗ ಒಂದು ಮಗ್ಗುಲು ಕೆಂಪಾಗಿ ಇನ್ನೊಂದು ಹಸುರಾಗಿರುವ ಕಾಯನ್ನು ಕಿತ್ತರೆ ಬೈಗಳು ತಪ್ಪಿದ್ದಲ್ಲ. ಅಂಥ ಕಾಯಿ ನಾನು.

"ಲೋ ಅರೆಹಣ್ಣು ಬಂತು! ಕೀಳ್ಬ್ಯಾಡಿ ಕಣ್ರೋ, ರೈಟ್ರು ಬಯ್ತಾರೆ!"

ಹೆಸರು ಚೆನ್ನಾಗಿತ್ತು ಎಂದು ಈಗ ಒಪ್ಪುತ್ತೇನೆ. ಆಗ ಶಾಲೆಯ ಹಿಂದಿನ ಮೆಟ್ಟಿಲ ಮೇಲೆ ಒಬ್ಬನೇ ಕೂತು ಬುತ್ತಿ ತಿನ್ನುತ್ತಿದ್ದೆ, ಬಲಗೆನ್ನೆಯನ್ನು ಗೋಡೆಯ ಕಡೆ ಮಾಡಿಕೊಂಡು.

ಸುದ್ದಿ ಕುಂದೂರಿಗೆ ಹೋಗಿ, ಅಲ್ಲಿಂದ ಅತ್ತೆ ಬಂದಳು. ಅಪ್ಪನ ಅಕ್ಕ. ಮಕ್ಕಳಿಲ್ಲದ, ದನಿ ದೊಡ್ಡದಾದ, ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸವಿಲ್ಲದ ಹೆಂಗಸು. ನನ್ನನ್ನು ಅಂಗಳದ ಬೆಳಕಿಗೆ ನಿಲ್ಲಿಸಿ ಸುತ್ತಲೂ ತಿರುಗಿಸಿ ನೋಡಿದಳು.

"ಏನೋ ತಮ್ಮ ಇದು? ಮಗೀನ ಹುರಿದ್ ಹಾಕ್ಬುಟ್ಟಿದ್ದೀರಲ್ಲೋ! ನಂಜೂ ಅಲ್ಲ ಗಿಂಜೂ ಅಲ್ಲ. ಈ ಕಾಡಿನ ನೀರು ಇವನಿಗೆ ಒಗ್ಗಲ್ಲ."

"ಹುಟ್ಟಿದಾಗಿಂದ ಇದೇ ನೀರು ಕುಡ್ದವ್ನೆ ಅತ್ತಿಗೆ," ಅಂದಳು ಅವ್ವ.

"ಅದಕ್ಕೇ ಹಿಂಗಾಗೈತೆ. ನಾಕ್ ದಿನ ನಮ್ ತಾವ್ ಇರ್ಲಿ. ವಾಸಿಯಾಗ್ನಿಲ್ಲ ಅಂದ್ರೆ ನನ್ ಕೇಳು."

ಅವ್ವ ಅಡುಗೆಕೋಣೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿದಳು. ಅಪ್ಪ ನನ್ನ ಬಟ್ಟೆಯ ಚೀಲ ತಂದು ಜಗಲಿಯಲ್ಲಿಟ್ಟ. ನಾನು ಬಸ್ಸು ಹತ್ತಿದೆ.

ಕುಂದೂರಿನಲ್ಲಿ ವಾಸಿಯಾಯಿತು. ಅದೇ ನನ್ನ ದುರದೃಷ್ಟ. ಬಯಲು, ಬಿಸಿಲು, ರಾಗಿಮುದ್ದೆ, ನನ್ನ ಕಡೆ ಬೆರಳು ತೋರದ ಮಕ್ಕಳು. ಬದನೆಕಾಯಿ ಎಣ್ಣೆಗಾಯಿಯನ್ನು ಅತ್ತೆ ಹಟಕ್ಕೆ ಬಿದ್ದವಳಂತೆ ಬಡಿಸಿದಳು, ಏನೂ ಆಗಲಿಲ್ಲ. ಅಲ್ಲೂ ರಾತ್ರಿ ನನಗೆ ಹೊದಿಸಿದ್ದು ಕಂಬಳಿಯನ್ನೇ, ಅತ್ತೆಯ ಮನೆಯದು, ಅದರಿಂದಲೂ ಏನೂ ಆಗಲಿಲ್ಲ. ಮೈ ಕೆಲವೇ ದಿನಗಳಲ್ಲಿ ತೊಳೆದಿಟ್ಟಂತಾಯಿತು. ಅತ್ತೆ ಮನೆಗೆ ಬಂದವರಿಗೆಲ್ಲ ನನ್ನ ಗಲ್ಲ ಹಿಡಿದು, ಮಾರಲು ತಂದ ಹೋರಿಯ ಹಲ್ಲು ತೋರಿಸುವಂತೆ ಬಲಗೆನ್ನೆ ತೋರಿಸುತ್ತಿದ್ದಳು. ಊರಿಗೆ ಮರಳಿದೆ, ಮತ್ತೆ ಎದ್ದಿತು. ಕುಂದೂರಿಗೆ ಬಂದೆ, ಇಳಿಯಿತು. ಇದಕ್ಕಿಂತ ಸಾಕ್ಷಿ ಏನು ಬೇಕು? ಆ ಮನೆ ನನ್ನ ಮೈಗೆ ಒಗ್ಗುವುದಿಲ್ಲ ಎಂದು ತೀರ್ಮಾನವಾಗಿ ನನ್ನನ್ನು ಕುಂದೂರಿನ ಶಾಲೆಗೆ ಸೇರಿಸಿದರು.

ಅವ್ವ ಅತ್ತದ್ದನ್ನು ನೋಡಿ ಅತ್ತೆಯೂ ಸ್ವಲ್ಪ ಮೆತ್ತಗಾದಳು. ಒಂದು ಷರತ್ತು ಹಾಕಿದಳು.

"ಬ್ಯಾಸಿಗೆ ರಜಕ್ಕೆ ಕಳಿಸ್ತೀನಿ. ರಜ ಮುಗಿಯೋಗಂಟ ಮೈ ಸುಮ್ಕಿದ್ರೆ ಇಲ್ಲೇ ಇಸ್ಕಳ್ರವ್ವ, ನಾನ್ ಬ್ಯಾಡ ಅನ್ನಲ್ಲ. ಎದ್ರೆ ಮಾತ್ರ ನಾನೇ ಬಂದ್ ಕರ್ಕಂಡೋಯ್ತೀನಿ."

ಆ ಬೇಸಿಗೆಯಷ್ಟು ಎಚ್ಚರದಿಂದ ನಾನು ಅದಕ್ಕೆ ಮುಂಚೆ ಯಾವತ್ತೂ ಬದುಕಿರಲಿಲ್ಲ, ಅದಾದ ಮೇಲೆ ಪ್ರತಿದಿನವೂ ಸ್ವಲ್ಪ ಸ್ವಲ್ಪ ಹಾಗೆಯೇ ಬದುಕುತ್ತಿದ್ದೇನೆ. ಬೆಳಗ್ಗೆ ಎದ್ದು ನೀರಿನ ಹಂಡೆಯಲ್ಲಿ ಮುಖ ನೋಡಿಕೊಳ್ಳುವುದು. ಅವ್ವ ಆಸೆಯಿಂದ ಮಾಡಿದ ಪತ್ರೊಡೆಯನ್ನು ಬೇಡವೆನ್ನುವುದು. ಹುಲ್ಲಿನ ಮೇಲೆ ಕೂರದಿರುವುದು, ಹೂ ಮುಟ್ಟದಿರುವುದು, ನಾಯಿಯನ್ನು ಸವರದಿರುವುದು. ಮರಗಸಿ ಜೋರಾಗಿ ನಡೆಯುತ್ತಿದ್ದ ಕಾಲ, ಅಪ್ಪ ಕತ್ತಲಾದ ಮೇಲೆ ಬಂದು ಉಂಡು ಮಲಗಿಬಿಡುತ್ತಿದ್ದ. ನನ್ನ ಮೈ ತಣ್ಣಗೆ ಸುಮ್ಮನಿತ್ತು. ರಜೆ ಮುಗಿಯುತ್ತಾ ಬಂತು, ಅವ್ವ ಹೆತ್ತೂರಿನ ಶಾಲೆಯ ಮೇಷ್ಟರ ಹತ್ತಿರ ಮಾತಾಡಿಯೂ ಬಂದಳು. ಆ ಸಂಜೆ ಅಪ್ಪ ಬೇಗ ಬಂದ. ಕಂಬಕ್ಕೆ ಒರಗಿದ. ರೇಡಿಯೊ ತಿರುಗಿಸಿದ. ಕಂಬಳಿಯ ಅಂಚು ಮೇಲೆದ್ದಿತು.

"ಬಾರ್ಲಾ, ಚಳಿ."

ತಿನ್ನುವುದರಲ್ಲಿ, ಮುಟ್ಟುವುದರಲ್ಲಿ ಅಷ್ಟು ಎಚ್ಚರವಾಗಿದ್ದ ನಾನು ಓಡಿಹೋಗಿ ಅದರೊಳಗೆ ಸೇರಿಕೊಂಡೆ. ಇದ್ದ ಒಂದೇ ಭಯವಿಲ್ಲದ ಜಾಗ ಅದು.

ಮರುದಿನ ಏನೂ ಆಗಲಿಲ್ಲ. ಅದರ ಮರುದಿನ ಬೆಳಗ್ಗೆ ಕೆನ್ನೆ ಉರಿಯಿತು. ಅವ್ವನ ಪೌಡರ್ ಡಬ್ಬಿ ತೆಗೆದು ಬಲಗೆನ್ನೆಗೆ ಮೆತ್ತಿಕೊಂಡೆ. ಎರಡೂ ಕಡೆ ಸಮ ಇರಲೆಂದು ಎಡಕ್ಕೂ ಮೆತ್ತಿಕೊಂಡೆ. ತೋಳು ಮುಚ್ಚಲು ಮೇ ತಿಂಗಳ ಸೆಕೆಯಲ್ಲಿ ಉಲ್ಲನ್ ಸ್ವೆಟರು. ಮಧ್ಯಾಹ್ನದ ಬಸ್ಸಿಗೆ ಅತ್ತೆ ಬಂದಳು. ನನ್ನನ್ನು ನೋಡಿ ಮೊದಲು ನಕ್ಕಳು.

"ಏನ್ಲಾ ಇದು, ಮದ್ವೆ ಗಂಡಾಗಿದೀಯ?"

ಸೆರಗಿನ ತುದಿಯನ್ನು ನಾಲಗೆಗೆ ಮುಟ್ಟಿಸಿ ನನ್ನ ಕೆನ್ನೆ ಒರೆಸಿದಳು. ಒರೆಸುತ್ತಾ ನಗು ನಿಂತಿತು. ಪಾಪ, ಗೆದ್ದೆನೆಂದು ಅವಳಿಗೂ ಸಂತೋಷವಾಗಲಿಲ್ಲ. ಸಂಜೆಯ ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕ ಕೂತು ಕುಂದೂರಿಗೆ ಹೋದೆ. ಬಸ್ಸು ತಿರುಗುವಾಗ ಅಪ್ಪ ಸ್ಟೋರಿನ ಮುಂದೆ ನಿಂತಿದ್ದ. ಕೈ ಬೀಸಲಿಲ್ಲ. ತನ್ನ ಎಡಗೈಯನ್ನು ಎತ್ತಿ ಹಿಡಿದು ನೋಡಿಕೊಳ್ಳುತ್ತಿದ್ದ.

ಮುಂದಿನ ರಜೆಗೆ ಬಂದಾಗ ಅಪ್ಪ ಬೇರೆಯವನಾಗಿದ್ದ. ನಾನು ಬಸ್ಸಿಳಿದು ಮನೆಗೆ ಬಂದರೆ ಅವನು ಬಚ್ಚಲಲ್ಲಿ. ತೆಂಗಿನ ನಾರಿಗೆ ಸೀಗೆಪುಡಿ ಹಾಕಿಕೊಂಡು ತೋಳುಗಳನ್ನು ಚರ್ಮ ಕಿತ್ತುಬರುವ ಹಾಗೆ ತಿಕ್ಕುತ್ತಿದ್ದ. ಹೊರಬಂದು ಒಂದು ಮಾತಾಡಿಸಿ, ಕಂಬಳಿ ಹೊದ್ದು, ಜಗಲಿಯ ಆ ತುದಿಗೆ ಹೋಗಿ ಕೂತ. ಕಂಬ ಅಲ್ಲಿರಲಿಲ್ಲ, ಒರಗಲು ಏನೂ ಇರಲಿಲ್ಲ. ರೇಡಿಯೊವನ್ನು ತನ್ನ ಎಡಪಕ್ಕಕ್ಕೆ, ನನ್ನ ಜಾಗದಲ್ಲಿ ಇಟ್ಟುಕೊಂಡ. ನಾನು ಹತ್ತಿರ ಹೋದರೆ ಏನೋ ನೆನಪಾದವನಂತೆ ಎದ್ದು ಸ್ಟೋರಿಗೆ ಹೋಗುತ್ತಿದ್ದ. ಆ ರಜೆಯಲ್ಲಿ ನನ್ನ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಅವ್ವನ ಸಡಗರ ಹೇಳತೀರದು. ಹೊರಡುವ ಹಿಂದಿನ ಸಂಜೆ ನಾನು ನಡುಮನೆಯಲ್ಲಿದ್ದೆ, ಅವರು ಜಗಲಿಯಲ್ಲಿದ್ದರು.

"ನೋಡಿದ್ರಾ, ಒಂದ್ ಗುಳ್ಳೆ ಇಲ್ಲ. ಇನ್ ಇಲ್ಲೇ ಇಸ್ಕಳನ ಕಣ್ರೀ. ಅತ್ತಿಗೇನೂ ಒಪ್ತಾರೆ."

ಅಪ್ಪ ರೇಡಿಯೊ ಆರಿಸಿದ. ಆಮೇಲೆ ಹೇಳಿದ.

"ಬ್ಯಾಡ. ಅಲ್ಲೇ ಇರ್ಲಿ ಬುಡು."

ಸ್ಟೋರಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ನಾನು ಆ ಮಾತನ್ನು ಕೇಳಿದೆ. ಆಚೆ ಇಲಿಗಳೂ ಆ ಹೊತ್ತು ಸದ್ದು ಮಾಡಲಿಲ್ಲ, ಅಥವಾ ನನಗೆ ಕೇಳಿಸಲಿಲ್ಲ. ಮನೆ ನನ್ನ ಮೈಗೆ ಒಗ್ಗದಿರುವುದು ಬೇರೆ. ಒಗ್ಗಿದಾಗಲೂ ಬೇಡ ಎಂದರೆ? ಅದಕ್ಕೆ ನನಗೆ ಗೊತ್ತಿದ್ದ ಅರ್ಥ ಒಂದೇ. ಆಮೇಲಿನ ರಜೆಗಳಲ್ಲಿ ನಾನೇ ಜಗಲಿಗೆ ಹೋಗುವುದನ್ನು ಬಿಟ್ಟೆ. ಕುಂದೂರಿನಲ್ಲಿ ಬೆಳೆದೆ, ಆಲೂರಿನಲ್ಲಿ ಕಾಲೇಜು ಓದಿದೆ, ಅತ್ತೆಯ ಮನೆಯಲ್ಲಿ ಯಾವ ಕೊರತೆಯೂ ಇಲ್ಲದೆ ಅತಿಥಿಯಂತೆ ಇದ್ದೆ. ಎಲ್ಲಿ ಹೋದರೂ ಅತಿಥಿಯಂತಿರುವುದು ಆಗ ಅಭ್ಯಾಸವಾದದ್ದು ಬಿಟ್ಟುಹೋಗಿಲ್ಲ. ಸ್ವಂತ ಬಾಡಿಗೆ ಮನೆಯಲ್ಲೂ ಕುರ್ಚಿಯ ತುದಿಯಲ್ಲೇ ಕೂರುತ್ತೇನೆ. ಅಪ್ಪ ಕೆಲಸ ಬಿಟ್ಟ ಮೇಲೆ ಇಬ್ಬರೂ ಸಕಲೇಶಪುರಕ್ಕೆ, ನನ್ನ ಜೊತೆಗೆ ಬಂದರು. ಒಂದೇ ಸೂರಿನಡಿ ನಾವಿಬ್ಬರು ಗಂಡಸರು ಪರಸ್ಪರ ದಾರಿ ಬಿಟ್ಟುಕೊಂಡು ಓಡಾಡಿದೆವು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಕೂತು ನಾನು ಧೈರ್ಯ ಮಾಡಿ ಅವನ ಕೈ ಹಿಡಿಯಲು ಹೋದೆ. ಎಚ್ಚರವಿತ್ತು ಅವನಿಗೆ. ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡ.

ಅಪ್ಪ ಹೋಗಿ ಕೆಲವು ವರ್ಷಗಳಾದವು. ಹೋದ ಚಳಿಗಾಲದಲ್ಲಿ ಮನೆಗೆ ಸುಣ್ಣ ಬಳಿಸಬೇಕೆಂದು ಟ್ರಂಕು ಎಳೆದಾಗ ತಳದಲ್ಲಿ ಆ ಕಂಬಳಿ ಸಿಕ್ಕಿತು. ಎಸೆಯುವುದೋ ಇಡುವುದೋ ತಿಳಿಯದೆ ಹೊರಗಿಟ್ಟೆ. ಸಂಜೆ ಚಳಿಯಿತ್ತು. ಅವ್ವ ದೇವರ ದೀಪ ಹಚ್ಚುತ್ತಿದ್ದಳು, ಯಾರೂ ನೋಡುತ್ತಿರಲಿಲ್ಲ. ಹೊದ್ದುಕೊಂಡೆ. ಮಡಚಿದ ಅಂಚಿಗೆ ಕೆನ್ನೆ ಆನಿಸಿ ಮೊಬೈಲಿನಲ್ಲಿ ವಾರ್ತೆ ನೋಡುತ್ತಾ ಕುರ್ಚಿಯಲ್ಲೇ ನಿದ್ದೆ ಹೋದೆ. ಹೊಗೆಯ ವಾಸನೆ ಇನ್ನೂ ಇತ್ತು.

ಒಂದು ದಿನ ಬಿಟ್ಟು ಬಲಗೆನ್ನೆ ಎದ್ದಿತು. ನನ್ನಂಥವನಿಗೆ ಮೊಬೈಲು ಕೊಡಬಾರದು. ಕೆಂಪು, ತುರಿಕೆ, ಗುಳ್ಳೆ ಎಂದು ಹುಡುಕಿದೆ. ಸೆಕೆಗುಳ್ಳೆ, ಹುಳುಕಡ್ಡಿ, ಕಜ್ಜಿ, ಸರ್ಪಸುತ್ತು, ಔಷಧಿಯ ಅಲರ್ಜಿ, ಅಲ್ಲಿಂದ ಮುಂದೆ ರಕ್ತದ ಕಾಯಿಲೆಗಳು. ಸಂಜೆಯ ಹೊತ್ತಿಗೆ ನಾನು ಮಾಡಿಸಿಕೊಂಡಿದ್ದ ಪಾಲಿಸಿಗಳೆಲ್ಲ ಅವ್ವನ ಹೆಸರಿಗಿವೆಯೇ ಎಂದು ನೋಡಿಟ್ಟು, ಮರುದಿನ ಹಾಸನಕ್ಕೆ ಚರ್ಮದ ವೈದ್ಯರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಓದಿಕೊಂಡು ಹೋದದ್ದನ್ನೆಲ್ಲ ಹೇಳಲು ಬಿಟ್ಟು, ಅಷ್ಟರಲ್ಲಿ ನನ್ನ ಎರಡೂ ಕೆನ್ನೆಗಳನ್ನು ದೀಪದ ಬೆಳಕಿನಲ್ಲಿ ನೋಡಿದರು.

"ಸರ್, ರಕ್ತದ್ದೋ ಊಟದ್ದೋ ಆಗಿದ್ರೆ ಸಾಮಾನ್ಯವಾಗಿ ಎರಡೂ ಕಡೆ ಬರುತ್ತೆ. ಇದು ಒಂದೇ ಕಡೆ ಇದೆ, ಅಂಚು ಗೆರೆ ಎಳೆದ ಹಾಗಿದೆ. ಏನೋ ಹೊರಗಿಂದ ತಾಗಿದೆ. ಈಚೆಗೆ ಹೊಸದಾಗಿ ಏನು ಮುಟ್ಟಿದ್ರಿ?"

"ಹೊಸದೇನೂ ಇಲ್ಲ. ನಮ್ಮಪ್ಪನ ಕಂಬಳಿ ಹೊದ್ಕೊಂಡಿದ್ದೆ, ಅಷ್ಟೇ."

"ಉಣ್ಣೆ ಇರಬಹುದು. ಬೇರೆ ಕಂಬಳಿ ಆಗುತ್ತಾ ನಿಮಗೆ?"

"ಆಗುತ್ತೆ."

"ಹಾಗಾದ್ರೆ ಆ ಕಂಬಳಿಗೆ ಏನಾದ್ರೂ ಅಂಟಿರಬೇಕು. ನಿಮ್ಮ ತಂದೆ ಏನು ಕೆಲಸ ಮಾಡ್ತಿದ್ರು?"

ಹೇಳಿದೆ. ಎಸ್ಟೇಟ್ ಅಂದೆ, ಮರಗಸಿ ಅಂದೆ, ಚಾರೆ ದಿಮ್ಮಿಯ ಮೇಲೆ ಕಂಬಳಿ ಹಾಸಿ ಕೂರುತ್ತಿದ್ದ ಕತೆಯನ್ನು ತಮಾಷೆಗೆ ಹೇಳಲು ಶುರುಮಾಡಿ, ಅರ್ಧದಲ್ಲಿ ನನ್ನ ಬಾಯಿ ನಿಂತಿತು. ಅವರು ತಲೆಯಾಡಿಸಿದರು. ಗೇರಿನ ಜಾತಿಯ ಸೊನೆ ಒಣಗಿದರೂ ಸಾಯುವುದಿಲ್ಲವಂತೆ. ತೊಳೆಯದ ಬಟ್ಟೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದಂತೆ. ಒಬ್ಬರಿಗೆ ಏನೂ ಆಗದೆ ಪಕ್ಕದಲ್ಲಿ ಕೂತವರ ಮೈ ಏಳಬಹುದು. ತಾಗಿದ ದಿನವೇ ಏಳದೆ ಒಂದೆರಡು ದಿನ ತಡವಾಗಿ ಏಳುವುದರಿಂದ ಯಾವುದರಿಂದ ಆಯಿತೆಂದು ಮನೆಯವರಿಗೆ ಹೊಳೆಯುವುದೇ ಇಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಕಪ್ಪು ಸೊನೆ, ಕಪ್ಪು ಕಂಬಳಿ. ಯಾರ ಕಣ್ಣಿಗೆ ಕಾಣಬೇಕು?

ಮುಲಾಮು ಬರೆದುಕೊಟ್ಟರು. ದಿನಕ್ಕೆರಡು ಸಲ ತೆಳ್ಳಗೆ ಹಚ್ಚಿ, ಮುಖಕ್ಕಾದ್ದರಿಂದ ಹೇಳಿದ ದಿನಕ್ಕಿಂತ 
ಹೆಚ್ಚು ಹಚ್ಚಬೇಡಿ. ತಣ್ಣೀರು ಬಟ್ಟೆ ಇಡಿ. ಕೆರೆಯಬೇಡಿ. ತುರಿಕೆಗೆ ಒಂದು ಮಾತ್ರೆ. ಕಣ್ಣಿನ ಸುತ್ತ ಊದಿದರೆ ಕಾಯದೆ ಬನ್ನಿ. ಕಂಬಳಿಯನ್ನು ಸುಡಬೇಡಿ, ಹೊಗೆಯೂ ಕೆಟ್ಟದ್ದು. ಕೈಗೆ ಗ್ಲೌಸ್ ಹಾಕಿಕೊಂಡು ಸೋಪಿನಲ್ಲಿ ಚೆನ್ನಾಗಿ ಒಗೆಸಿ, ಇಲ್ಲವೇ ಕಟ್ಟಿ ಎಸೆಯಿರಿ. ನಾನು ಎಲ್ಲಕ್ಕೂ ತಲೆಯಾಡಿಸಿದೆ. ಬಸ್ಸಿನಲ್ಲಿ ಬರುವಾಗ ಅಪ್ಪ ನನ್ನ ಬೆನ್ನು ಉಜ್ಜುತ್ತಾ 'ಉರಿಯ್ತದಾ' ಎಂದು ಕೇಳಿದ ದನಿಯೇ ಕಿವಿಯಲ್ಲಿತ್ತು.

ಅವ್ವ ಅಕ್ಕಿ ಆರಿಸುತ್ತಾ ಕೂತಿದ್ದಳು. ಅವಳ ಮುಂದೆ ಕೂತು ವೈದ್ಯರು ಹೇಳಿದ್ದನ್ನೆಲ್ಲ ಹೇಳಿದೆ. ನೀರಲ್ಲ, ನಂಜಲ್ಲ, ಪಿತ್ತವಲ್ಲ, ಕಂಬಳಿಗೆ ಹತ್ತಿದ್ದ ಚಾರೆಯ ಸೊನೆ. ಅವಳ ಕೈ ಮೊರದಲ್ಲೇ ನಿಂತಿತು.

"ಕಂಬಳಿನಾ?" ಅಂದಳು. ಮೊರ ಪಕ್ಕಕ್ಕಿಟ್ಟು, "ಕಂಬಳಿ ಒಂದ್ ಬುಟ್ಟು ಎಲ್ಲಾ ತೊಳ್ಕಂಡ್ರಲ್ಲೋ ನಿಮ್ಮಪ್ಪ," ಅಂದಳು.

"ಏನವ್ವ ಹಂಗಂದ್ರೆ?"

"ನೀನ್ ಪೌಡರ್ ಮೆತ್ಕಂಡಿದ್ದಲ್ಲ, ಆವತ್ತು ಬಸ್ ಹೋದ್ ಮೇಲೆ ಬಂದ್ ಕುಂತ್ಕಂಡ್ರು. ನನ್ ತೋಳು ಎಲ್ಲಿ ತಾಗೈತೋ ಅಲ್ಲೇ ಎದ್ದೈತೆ ಕಣೇ ಅಂದ್ರು. ಚಾರೆ ಮೇಲ್ ಕುಂತ್ಕಂಡ್ ಮೆರೆದೆ, ಅದು ನನ್ ಮೈಯೊಳಿಕ್ ಸೇರ್ಕಂಬುಟ್ಟೈತೆ, ನನ್ ಬುಟ್ಟು ಮಗೀಗ್ ಹೊಡೀತೈತೆ ಅಂದ್ರು. ದಿನಾ ಹೊತ್ತಾರೆ ತಾರೆ ಮರ ಸುತ್ತೋರು. ನೀನ್ ಬತ್ತೀಯ ಅಂದ್ರೆ ಮೈ ಉಜ್ಜಿದ್ದೇ ಉಜ್ಜಿದ್ದು. ಆಮೇಲೆ ಅದೇ ಕಂಬಳಿ ಹೊದ್ಕಂಡು ದೂರ ಕುಂತ್ಕಳರು. ಕಂಬಳಿಗೆ ಏನ್ ತಾಗ್ತೈತೆ ಅಂತ ಯಾರಿಗ್ ಗೊತ್ತಪ್ಪ?"

"ನಂಗ್ಯಾಕ್ ಹೇಳ್ನಿಲ್ಲ ನೀನು?"

"ಆಣೆ ಹಾಕ್ಸಿದ್ರು. ಅಪ್ಪ ಬ್ಯಾಡ ಅಂದ ಅಂತ ತಿಳ್ಕಂಡ್ರೆ ತಿಳ್ಕಳ್ಲಿ, ಅಪ್ಪನ್ ಮೈಯೇ ತನಗಾಗಲ್ಲ ಅಂತ ಮಗ ತಿಳ್ಕಳದ್ ಬ್ಯಾಡ ಅಂದ್ರು."

ಅವ್ವ ಮತ್ತೆ ಅಕ್ಕಿ ಆರಿಸತೊಡಗಿದಳು. ಕಲ್ಲಿನ ಜೊತೆ ಒಳ್ಳೆಯ ಅಕ್ಕಿಯನ್ನೂ ತೆಗೆದು ತೆಗೆದು ಹಾಕುತ್ತಿದ್ದಳು.

ಮರುದಿನ ಗ್ಲೌಸ್ ತಂದೆ. ಹಿತ್ತಲಿನ ಕಲ್ಲಿನ ಮೇಲೆ ಕಂಬಳಿಯನ್ನು ನೆನೆಹಾಕಿ, ಸೋಪು ತಿಕ್ಕಿ, ಅದರ ಜೀವಮಾನದ ಮೊದಲ ಸ್ನಾನ ಮಾಡಿಸಿದೆ. ಮುಖಕ್ಕೆ ಹನಿ ಸಿಡಿಯದಂತೆ ತಲೆಯನ್ನು ಹಿಂದಕ್ಕೆ ವಾಲಿಸಿಕೊಂಡು ಒಗೆಯುತ್ತಿದ್ದ ನನ್ನನ್ನು ಪಕ್ಕದ ಮನೆಯವರು ಯಾರಾದರೂ ನೋಡಿದ್ದರೆ ಇನ್ನೊಂದು ಹೆಸರು ಸಿಗುತ್ತಿತ್ತು. ನೀರು ಕಪ್ಪಗೆ ಹೋಯಿತು, ಮತ್ತೂ ಕಪ್ಪಗೆ ಹೋಯಿತು, ಆಮೇಲೆ ತಿಳಿಯಾಯಿತು. ಹಿಂಡಿ ತಂತಿಗೆ ಹಾಕಿದೆ. ಹೊಗೆಯ ವಾಸನೆ ಹೋಗಿತ್ತು. ಸೋಪಿನ ವಾಸನೆಯ, ಯಾರದ್ದೂ ಅಲ್ಲದ ಒಂದು ಕಂಬಳಿ ಗಾಳಿಗೆ ತೂಗುತ್ತಿತ್ತು.

ಒಳಗೆ ಬಂದು ಮುಲಾಮು ಹಿಡಿದು ಕನ್ನಡಿಯ ಮುಂದೆ ನಿಂತೆ. ಕೆನ್ನೆಯ ಕೆಂಪು, ಕಿವಿಯ ಬುಡದಿಂದ ಗಲ್ಲದವರೆಗೆ, ಒಂದು ಭುಜಕ್ಕೆ ಒರಗಿದರೆ ಎಷ್ಟು ತಾಗುತ್ತದೋ ಅಷ್ಟು ಅಗಲಕ್ಕೆ ಇತ್ತು. ದಿನ ಕಳೆದಂತೆ ಮಾಯುತ್ತದೆ ಎಂದು ವೈದ್ಯರು ಹೇಳಿದ್ದರು. ಕಂಬಳಿ ಒಗೆದಾಗಿದೆ, ಇನ್ನು ಬರುವುದೂ ಇಲ್ಲ.

"ಹಚ್ಕಂಡ್ಯೇನೋ?" ಅವ್ವ ಅಡುಗೆಕೋಣೆಯಿಂದ ಕೂಗಿದಳು.

"ಹೂಂ," ಅಂದೆ.

ಮುಚ್ಚಳ ತೆಗೆದಿರಲಿಲ್ಲ. ಟ್ಯೂಬನ್ನು ಕನ್ನಡಿಯ ಹಿಂದೆ ಇಟ್ಟೆ. ಕುರ್ಚಿಗೆ ಪೂರ್ತಿ ಒರಗಿ ಕೂತೆ, ಬಲಗೆನ್ನೆಯ ಮೇಲೆ ಅಂಗೈ ಇಟ್ಟುಕೊಂಡೆ. ಬೆಚ್ಚಗಿತ್ತು.